ಹತ್ತನೆಯ ಗಾಜು

ಹಳೇಮಾಗಾಣಿ, ಕಂಪ್ಲಿ ಹತ್ತಿರ
3-8-1986

ಚಿರಂಜೀವಿ ಓಬಳೇಶನಿಗೆ ಕೊಟ್ರಬಸಮ್ಮನ ಆಶೀರ್ವಾದಗಳು.

ಹುಬ್ಬಳ್ಳಿಯ ಹಾಸ್ಟೆಲ್ ಊಟ ಬಾಯಿಗೆ ಹತ್ತುವುದಿಲ್ಲ, ನನ್ನ ಕೈಯ ಸಾರು ನೆನಪಾಗುತ್ತದೆ ಎಂದು ಬರೆದಿದ್ದೀಯ. ಜೂನ್ ತಿಂಗಳೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು ‘ಉಪ್ಪು ಕಡಿಮಿ ಐತ್ರಿ ಅಮ್ಮಾರ’ ಎಂದು ಮುಖ ಗಂಟಿಕ್ಕುತ್ತಿದ್ದವನು ನೀನೇ. ಹಿತ್ತಲ ಗಿಡ ಮದ್ದಲ್ಲ, ಹುಬ್ಬಳ್ಳಿಗೆ ಹೋದ ಮೇಲೆ ಮದ್ದಾಯಿತು.

ನೀನು ಬಿಟ್ಟುಹೋದ ಮೂಲೆ ಖಾಲಿ ಉಳಿದಿಲ್ಲ. ಕಾಲುವೆ ಬಂದಾಗ ಈ ಊರಿಗೆ ಮೊದಲು ಭತ್ತ ಬಂತು, ಆಮೇಲೆ ಕಬ್ಬು, ಆಮೇಲೆ ರೈಸ್‌ಮಿಲ್ಲು. ಈಗ ಸಂಶೋಧನೆಯವರ ಸುಗ್ಗಿ. ಸಿರುಗುಪ್ಪ ಕಡೆಯ ಹುಸೇನಪ್ಪ ಮಣ್ಣಿನ ಮೇಲೆ ಓದುತ್ತಾನಂತೆ. ಗದ್ದೆಯ ಬದುವಿನಲ್ಲಿ ಕಬ್ಬಿಣದ ಕೊಳವೆ ಹುಗಿದು, ಒಳಗೆ ದಾರ ಇಳಿಬಿಟ್ಟು, ನೀರು ಎಷ್ಟು ಕೆಳಗಿದೆ ಎಂದು ಬರೆದುಕೊಳ್ಳುತ್ತಾನೆ. ಮೈಸೂರಿನ ದಮಯಂತಿ ಹಂಪಿಯಿಂದ ಈ ಕಡೆಗಿರುವ ಶಾಸನಗಳಿಗೆ ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಅಕ್ಷರ ಎತ್ತುತ್ತಾಳೆ. ಕಳೆದ ವಾರ ಇನ್ನೊಬ್ಬ ಎರಡು ದಿನ ಇದ್ದ. ನಿಮ್ಮ ಸಂಡೂರಿನ ಗುಡ್ಡದ ಕಲ್ಲುಗಳನ್ನು ಚೀಲದಲ್ಲಿ ತಂದು, ಒಂದೊಂದನ್ನೇ ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ‘ಹೊಟ್ಟಿ ಹಸಿದಿದ್ರ ರೊಟ್ಟಿ ಐತಲ್ಲೋ ತಮ್ಮಾ’ ಎಂದೆ. ಪಾಪ, ನಾಚಿಕೊಂಡ.

ಇನ್ನು ನಿನ್ನ ಗಾಜಿನ ವಿಚಾರ. ಶಾಲೆಯ ದೊಡ್ಡ ಕೋಣೆಯ ಮೂಡಣ ಗೋಡೆಯ ಬಿರುಕಿಗೆ ಅಡ್ಡಲಾಗಿ ನೀನು ಅಂಟಿಸಿಹೋದ ಗೇಣುದ್ದದ ಗಾಜಿನ ಪಟ್ಟಿಯನ್ನು ನಮ್ಮವರು ದಿನಾ ಬೆಳಿಗ್ಗೆ ಬೀಗ ತೆಗೆದ ಕೂಡಲೇ ನೋಡುತ್ತಾರೆ. ‘ಯೂನಿವರ್ಸಿಟಿ ಸಾಮಾನು ತಾತ, ಜ್ವಾಕಿ’ ಎಂದು ನೀನು ಹೇಳಿದ್ದು ಅವರ ಮಟ್ಟಿಗೆ ಸರ್ಕಾರಿ ಹುಕುಂ. ನಿನಗೇ ಗೊತ್ತಲ್ಲ, ಮೂವತ್ತು ವರ್ಷದ ಜವಾನಿಕೆಯಲ್ಲಿ ಆ ಶಾಲೆಯ ಒಂದು ಶಾಯಿದೌತಿಯೂ ಅವರ ಕೈಯಲ್ಲಿ ಕಾಣೆಯಾಗಿಲ್ಲ. ಕಂದೀಲಿನ ಬುರುಡೆ ಒಡೆದರೆ, ಇನ್ಸ್‌ಪೆಕ್ಟರ್ ಬರುವುದರೊಳಗೆ ಹೊಸದು ಕೂತಿರುತ್ತಿತ್ತು. ಒಡೆದದ್ದನ್ನೂ ಎಸೆಯುವುದಿಲ್ಲ, ಟ್ರಂಕಿನಲ್ಲಿ ಕಟ್ಟಿಡುತ್ತಾರೆ. ‘ಒಡದಿದ್ದೂ ಸರಕಾರದ್ದ’ ಎನ್ನುತ್ತಾರೆ. ಬರುವ ವರ್ಷ ಜುಲೈ ಕೊನೆಗೆ ನಿವೃತ್ತಿ. ಹೆಸರು ಕೆಡಿಸಿಕೊಳ್ಳದೆ ಮನೆಗೆ ಬರಬೇಕೆಂಬುದು ಒಂದೇ ಆಸೆ.

ಕಾಲುವೆಗೆ ನೀರು ಬಿಟ್ಟು ಎರಡು ವಾರವಾಯಿತು. ಶಾಲೆಯ ಗೋಡೆಗೆ ತಾಗಿಯೇ ನಾಟಿ ನಡೆದಿದೆ. ಮೊನ್ನೆ ನಮ್ಮವರು ಸುರಿಯುವ ಮಳೆಯಲ್ಲಿ ಕಂಪ್ಲಿಗೆ ಹೋಗಿ, ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಏನೋ ಕೆಲಸವೆಂದು ಅರ್ಧ ದಿನ ಕಳೆದು ಬಂದರು. ನಿನ್ನ ಗಾಜು ಚೆನ್ನಾಗಿದೆ. ನಿನ್ನೆಯೇ ಅಂಟಿಸಿದ ಹಾಗಿದೆ.

ಒಂದು ಮಾತು ಕೇಳುತ್ತೇನೆ, ಮರೆಮಾಚದೆ ಹೇಳು. ಮೊಮ್ಮಗಳು ಸಿದ್ದಿ ಈ ವರ್ಷ ನಾಲ್ಕನೇ ಕ್ಲಾಸು. ಆ ಗೋಡೆಯ ಬುಡದಲ್ಲೇ ಅವಳ ಸಾಲು. ಆ ಬಿರುಕಿನಿಂದ ಏನೂ ಆಗುವುದಿಲ್ಲ ತಾನೇ? ತಾಯಿಯಿಲ್ಲದ ಕೂಸು, ನನಗೆ ಭಯ ಹೆಚ್ಚು.

ಇಂತಿ,
ಉಪ್ಪು ಕಡಿಮೆ ಹಾಕುವ
ಕೊಟ್ರಬಸಮ್ಮ


ಹುಬ್ಬಳ್ಳಿ
17-8-1986

ಪೂಜ್ಯ ಕೊಟ್ರಬಸಮ್ಮನವರಿಗೆ ಓಬಳೇಶನ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಮನಸ್ಸು ಹಗುರಾಯಿತು. ಸಿದ್ದಿಯ ಬಗ್ಗೆ ಕೇಳಿದ್ದೀರಿ. ಗಾಜು ನೆಟ್ಟಗಿರುವವರೆಗೆ ಆ ಗೋಡೆಯ ಚಿಂತೆ ಬೇಡ. ಇಷ್ಟು ಮಾತ್ರ ಹೇಳಬಲ್ಲೆ. ಏಕೆ, ಹೇಗೆ ಎಂದು ಕೇಳಬೇಡಿ. ‘ಊರವರಿಗೆ ವಿವರಿಸಲು ಹೋಗಬೇಡ, ಗಾಬರಿಯಾಗುತ್ತಾರೆ, ಕೈಯಾಡಿಸುತ್ತಾರೆ, ಅಳತೆ ಕೆಡುತ್ತದೆ’ ಎಂದು ನನ್ನ ಮಾರ್ಗದರ್ಶಕರು ಕಟ್ಟುನಿಟ್ಟಾಗಿ ಹೇಳಿದ್ದಾರೆ.

ತಿಂಗಳಿಗೊಮ್ಮೆ ನಾನೇ ಬಂದು ನೋಡಬೇಕೆಂಬುದು ನಿಯಮ. ಇಲ್ಲಿ ಪ್ರಯೋಗಾಲಯದ ಕೆಲಸ ಬಿಟ್ಟು ಬರಲಾಗುತ್ತಿಲ್ಲ. ನನ್ನ ವಿಳಾಸ ಬರೆದ ಹನ್ನೆರಡು ಕಾರ್ಡುಗಳನ್ನು ಇದರ ಜೊತೆ ಇಟ್ಟಿದ್ದೇನೆ. ಪ್ರತಿ ತಿಂಗಳ ಮೊದಲನೇ ತಾರೀಖು ಒಂದನ್ನು ಡಬ್ಬಿಗೆ ಹಾಕಿ. ‘ಇದೆ’ ಅಥವಾ ‘ಒಡೆದಿದೆ’, ಇಷ್ಟೇ ಬರೆದರೆ ಸಾಕು.

ಅಪ್ಪ ಇನ್ನೂ ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲೇ ಇದ್ದಾನೆ. ನಾನು ಡಾಕ್ಟರ್ ಆಗುತ್ತೇನೆಂದು ಗಣಿಯವರಿಗೆಲ್ಲ ಹೇಳಿಬಿಟ್ಟಿದ್ದಾನೆ. ಕೆಮ್ಮಿಗೆ ಔಷಧಿ ಕೊಡುವ ಡಾಕ್ಟರಲ್ಲ ಎಂದು ಅವನಿಗೆ ತಿಳಿಸುವ ಧೈರ್ಯ ನನಗಿಲ್ಲ. ಉಜ್ಜಿನಪ್ಪ ತಾತನಿಗೆ ನಮಸ್ಕಾರ ತಿಳಿಸಿ.

ನಿಮ್ಮ ವಿಶ್ವಾಸಿ,
ಓಬಳೇಶ


ಹಳೇಮಾಗಾಣಿ
5-10-1986

ಚಿರಂಜೀವಿ ಓಬಳೇಶನಿಗೆ ಆಶೀರ್ವಾದಗಳು.

ಕಾರ್ಡಿನಲ್ಲಿ ‘ಇದೆ’ ಎಂದು ಒಂದೇ ಮಾತು ಬರೆದು ಹಾಕಿದ್ದೇನೆ. ಏಳನೇ ಕ್ಲಾಸಿನ ಮುಲ್ಕಿ ಪಾಸಾದವಳಿಗೆ ಒಂದೇ ಪದ ಬರೆದು ಸುಮ್ಮನಿರಲು ಆಗುತ್ತದೆಯೇ? ಅದಕ್ಕೇ ಈ ಕಾಗದ.

ನಿನ್ನ ಪತ್ರವನ್ನು ನಮ್ಮವರಿಗೆ ಎರಡು ಸಲ ಓದಿ ಹೇಳಿದೆ. ಅವರಿಗೆ ಸಹಿಯೊಂದು ಬಿಟ್ಟರೆ ಅಕ್ಷರವಿಲ್ಲ. ‘ಗಾಜು ನೆಟ್ಟಗಿರೋತನ ಗೋಡಿ ಚಿಂತಿಲ್ಲ’ ಎಂಬ ಮಾತು ಮನಸ್ಸಿಗೆ ಇಳಿದುಬಿಟ್ಟಿದೆ. ‘ನಂದಾದೀಪಕ್ಕ ಎಣ್ಣಿ ಹಾಕ್ದಂಗ ನೋಡ್ಕಂತೀನಿ ಅಂತ ಬರಿ’ ಎಂದರು. ಬರೆದಿದ್ದೇನೆ.

ಈ ವರ್ಷ ಊರಿನಲ್ಲಿ ನೀರಿನ ರೀತಿಯೇ ಬೇರೆಯಾಗಿದೆ. ಹಿಂದಿನ ಬಾವಿಯಲ್ಲಿ ಹಗ್ಗ ಬೇಡ, ಬಗ್ಗಿದರೆ ತಂಬಿಗೆಗೆ ನೀರು ಸಿಗುತ್ತದೆ. ಶಾಲೆಯ ಕೋಣೆಯಲ್ಲಿ ಕಪ್ಪೆಗಳು ಮಕ್ಕಳ ಹಾಜರಿಗಿಂತ ಮೊದಲೇ ಬಂದು ಕೂತಿರುತ್ತವೆ. ಹುಸೇನಪ್ಪ ಊಟಕ್ಕೆ ಕೂತಾಗ ಹೇಳಿದ: ‘ಕಾಲುವಿ ಬರೂಕಿಂತ ಮೊದ್ಲು ನೀರು ಇಪ್ಪತ್ತೈದು ಅಡಿ ತಳಗ ಇತ್ತಂತ್ರಿ ಅಮ್ಮಾರ, ಶಾಲಿ ಹತ್ರ ಈಗ ನಾಕ ಅಡಿ ಐತಿ. ಎರಿಮಣ್ಣು ನೀರು ಕುಡದು ಉಬ್ಬಾಕಹತ್ತೈತಿ.’ ಅದಕ್ಕೆ ದಮಯಂತಿ ಮಜ್ಜಿಗೆ ಕುಡಿಯುತ್ತಾ, ತಾನು ಓದಿದ ದುರ್ಗಮ್ಮನ ಗುಡಿಯ ಕಲ್ಲಿನಲ್ಲಿ ಗುಡಿಯ ಮೂಡಣಕ್ಕೆ ಕೆರೆಯಿತ್ತೆಂದು ಬರೆದಿದೆ, ಹಾಗಾದರೆ ಶಾಲೆ ನಿಂತಿರುವುದು ಕೆರೆಯ ಅಂಗಳದಲ್ಲೇ ಎಂದಳು. ಅವನು ‘ಹೌದಾ’ ಎಂದ. ಇವಳು ಉಪ್ಪಿನಕಾಯಿ ಕೇಳಿದಳು. ಇಬ್ಬರೂ ಎದ್ದು ಕೈ ತೊಳೆದುಕೊಂಡರು.

ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತೀರಿ, ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಬೇಡ. ಬಡಿಸುವವಳು ಎಲ್ಲರದ್ದನ್ನೂ ಕೇಳಬೇಕು. ಕೇಳಿದ್ದನ್ನೆಲ್ಲ ಒಟ್ಟು ಮಾಡಿದರೆ ನನಗೆ ಹೆದರಿಕೆಯಾಗುತ್ತದೆ ಮಗನೇ. ಆದರೆ ನಿನ್ನ ಗಾಜು ಇದೆ. ಅದೊಂದು ಸಮಾಧಾನ.

ಇಂತಿ,
ಕೊಟ್ರಬಸಮ್ಮ


ಹುಬ್ಬಳ್ಳಿ
2-11-1986

ಪೂಜ್ಯ ಅಮ್ಮಾರಿಗೆ ನಮಸ್ಕಾರಗಳು.

ಐದು ತಿಂಗಳಿಂದ ಗಾಜು ಒಡೆದಿಲ್ಲ ಎಂದು ಕೇಳಿ ನಮ್ಮ ಮಾರ್ಗದರ್ಶಕರು ಬೆನ್ನು ತಟ್ಟಿದರು. ನೀರೇರಿದ ಎರೆಭೂಮಿಯ ಮೇಲೂ ಹಳೆಯ ಕಲ್ಲುಕಟ್ಟಡ ಇಷ್ಟು ಗಟ್ಟಿಯಾಗಿ ನಿಂತಿದೆ ಎಂದರೆ ಅದು ಹೊಸ ವಿಷಯವಂತೆ. ನನ್ನ ಪ್ರಬಂಧ ಅದರ ಮೇಲೆಯೇ ನಿಲ್ಲುತ್ತದಂತೆ.

ಹುಸೇನಪ್ಪ, ದಮಯಂತಿ ಹೇಳಿದ್ದನ್ನು ಬರೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಅವು ಅವರವರ ವಿಷಯಗಳು. ಅವನು ಮಣ್ಣಿನವನು, ಅವಳು ಅಕ್ಷರದವಳು. ಗೋಡೆಯ ವಿಷಯದಲ್ಲಿ ಗಾಜು ಹೇಳಿದ್ದೇ ಕೊನೆಯ ಮಾತು. ಊಟದ ಹೊತ್ತಿನ ಮಾತುಗಳನ್ನು ನಾನು ಪ್ರಬಂಧದಲ್ಲಿ ಬರೆಯಲಾರೆ. ಡಿಸೆಂಬರಿನಲ್ಲಿ ಒಂದು ದಿನ ಬರುತ್ತೇನೆ, ಉಪ್ಪು ಸರಿಯಾಗಿ ಹಾಕಿರಿ.

ನಿಮ್ಮ
ಓಬಳೇಶ


ಹಳೇಮಾಗಾಣಿ
18-1-1987

ಚಿರಂಜೀವಿ ಓಬಳೇಶನಿಗೆ ಆಶೀರ್ವಾದಗಳು.

ನೀನು ಬಂದು ಅರ್ಧ ದಿನ ಇದ್ದು ಹೋದದ್ದು ಕನಸಿನ ಹಾಗಾಯಿತು. ಗೋಡೆಯ ಮುಂದೆ ಕೂತು, ನೀನೇ ಕೆಂಪು ಬಣ್ಣದಲ್ಲಿ ಬರೆದ ನಂಬರು ತಾರೀಖು ನೋಡಿ, ‘ಹಂಗೇ ಐತಲ್ಲೋ ತಾತ!’ ಎಂದು ನಮ್ಮವರನ್ನು ತಬ್ಬಿಕೊಂಡೆಯಲ್ಲ, ಆ ದಿನ ಅವರು ರಾತ್ರಿಯ ಊಟವನ್ನೇ ಮರೆತರು. ಅವರ ಆ ಮುಖ ನೋಡಿ ನಾನು ಬಾಯಿಗೆ ಬಂದ ಮಾತೊಂದನ್ನು ನುಂಗಿಕೊಂಡೆ. ಏನೂ ಇಲ್ಲ ಬಿಡು.

ಈಗ ಇನ್ನೊಬ್ಬರು ಬಂದಿದ್ದಾರೆ, ಜನಪದ ಹಾಡು ಕೂಡಿಹಾಕುವವರು. ಸೊಂಟದಷ್ಟು ದಪ್ಪದ ಟೇಪ್‌ರೆಕಾರ್ಡರ್ ಇಟ್ಟುಕೊಂಡು ದುರ್ಗಕ್ಕನ ಬೀಸುವ ಕಲ್ಲಿನ ಮುಂದೆ ಕೂರುತ್ತಾರೆ. ಎಂಬತ್ತು ದಾಟಿದ ದುರ್ಗಕ್ಕನಿಗೆ ಈಗ ಬಿಗುಮಾನ ಬಂದಿದೆ. ಎಲೆಅಡಿಕೆ ಕೊಡದೆ ಬಾಯಿ ಬಿಡುವುದಿಲ್ಲ. ಮೊನ್ನೆ ಒಂದು ಹಾಡು ಹೇಳಿದಳು:

ಕೆರಿ ಸತ್ತು ಹೋತಂತ ಕರಿಮಣ್ಣ ಕೆದರಬ್ಯಾಡ
ಅರೆನಿದ್ದಿ ಕೆರಿಗೆ ಎಲೆ ತಂಗಿ, ಎದ್ದರ
ತನಜಾಗ ತಾನ ಕೇಳೀತ

ಟೇಪಿನವರು ‘ವಾಹ್, ಛಂದ ಅಪರೂಪದ್ದು’ ಎಂದು ಬರೆದುಕೊಂಡರು. ನಾನು ಬಿಡಲಿಲ್ಲ. ‘ಯಾವ ಕೆರಿ ದುರ್ಗಕ್ಕ?’ ಎಂದೆ. ‘ನಿನ್ನ ಗಂಡ ದಿನಾ ಕಸ ಹೊಡಿತಾನಲ್ಲ, ಅದ’ ಎಂದಳು.

ಶಾಲೆಯ ಗೋಡೆಯ ಬುಡದಲ್ಲಿ ಮೊಳಕಾಲೆತ್ತರಕ್ಕೆ ಉಪ್ಪಿನಂಥ ಬಿಳಿ ಸವಳು ಎದ್ದಿದೆ. ದೊಡ್ಡ ಕೋಣೆಯ ಬಾಗಿಲು ಮುಚ್ಚಲು ಬರುತ್ತಿರಲಿಲ್ಲ, ನಮ್ಮವರು ಬಡಿಗನನ್ನು ಕರೆಸಿ ಕೆಳಗೆ ಉಜ್ಜಿಸಿದರು. ಹದಿನೈದು ದಿನಕ್ಕೆ ಮತ್ತೆ ಹಿಡಿಯಿತು. ಸಿದ್ದಿ ಹೊಸ ಆಟ ಕಲಿತಿದ್ದಾಳೆ. ಕೋಣೆಯ ನಡುವೆ ಗೋಲಿ ಇಟ್ಟರೆ ಅದು ತಾನಾಗಿ ಗೋಡೆಯ ಕಡೆ ಉರುಳುತ್ತದಂತೆ. ‘ಎಲ್ಲಾ ಗೋಲಿ ಓಬಳೇಶಣ್ಣನ ಗಾಜು ನೋಡಾಕ ಹೊಕ್ಕಾವಜ್ಜಿ’ ಎನ್ನುತ್ತಾಳೆ.

ಗಾಜು ಇದೆ. ಆದರೂ ಒಂದು ಸಲ ಕೇಳುತ್ತೇನೆ, ಗಾಜು ನೆಟ್ಟಗಿದ್ದರೆ ಗೋಡೆ ಬೀಳುವುದಿಲ್ಲ ಎಂಬುದು ಖಂಡಿತ ತಾನೇ?

ಇಂತಿ,
ಕೊಟ್ರಬಸಮ್ಮ


ಹುಬ್ಬಳ್ಳಿ
24-5-1987

ಪೂಜ್ಯ ಅಮ್ಮಾರಿಗೆ, ತಾತನಿಗೆ ಸಾಷ್ಟಾಂಗ ನಮಸ್ಕಾರಗಳು.

ನಾಲ್ಕು ತಿಂಗಳು ಉತ್ತರ ಬರೆಯದ್ದಕ್ಕೆ ಕ್ಷಮಿಸಿ. ಬೆರಳಚ್ಚು ಮಾಡಿಸಿ ಪ್ರಬಂಧ ಒಪ್ಪಿಸುವುದರಲ್ಲಿ ಹಗಲುರಾತ್ರಿ ಗೊತ್ತಾಗಲಿಲ್ಲ. ಮೊನ್ನೆ ಒಪ್ಪಿಸಿದೆ. ಅಪ್ಪನ ಮುಂದೆ ಪ್ರತಿ ಇಟ್ಟಾಗ ಕೈ ಒರೆಸಿಕೊಂಡು ಮುಟ್ಟಿದ. ಅದನ್ನು ನೋಡಿ ನಾನು ಅತ್ತುಬಿಟ್ಟೆ.

ಈಗ ಗುಟ್ಟು ಹೇಳಬಹುದು. ಆ ಗಾಜನ್ನು ಅಂಟಿಸಿದ್ದು ಗೋಡೆ ಅಲುಗುತ್ತಿದೆಯೇ ಎಂದು ತಿಳಿಯಲು. ಗಾಜಿಗೆ ಬಾಗುವ ಗುಣವಿಲ್ಲ. ಗೋಡೆ ಕೂದಲೆಳೆಯಷ್ಟು ಸರಿದು ಬಿರುಕು ಅಗಲವಾದರೂ ಗಾಜು ಚಟ್ಟನೆ ಒಡೆಯುತ್ತದೆ. ಒಡೆದರೆ ಗೋಡೆ ನಡೆಯುತ್ತಿದೆ ಎಂದರ್ಥ, ಆಗ ಕೋಣೆ ಖಾಲಿ ಮಾಡಿಸಬೇಕು. ನಮ್ಮ ಗಾಜು ಮಾತ್ರ ಇಷ್ಟು ತಿಂಗಳೂ ಒಡೆಯಲಿಲ್ಲ. ನಿಮ್ಮ ಕಾರ್ಡುಗಳನ್ನೆಲ್ಲ ಪ್ರಬಂಧದ ಕೊನೆಯಲ್ಲಿ ಪಟ್ಟಿ ಮಾಡಿದ್ದೇನೆ. ಕೃತಜ್ಞತೆಯ ಪುಟದಲ್ಲಿ ಉಜ್ಜಿನಪ್ಪ ತಾತನ ಹೆಸರಿದೆ.

ಶಾಲಾ ಕಮಿಟಿಯವರು ಮಾರ್ಚಿನಲ್ಲಿ ಕೇಳಿದ್ದಕ್ಕೆ ‘ಗೋಡೆ ಸ್ಥಿರವಾಗಿದೆ’ ಎಂದು ವರದಿ ಬರೆದು, ಮೊಹರು ಹಾಕಿಸಿ ಕಳಿಸಿದ್ದೆ. ಕಬ್ಬಿನ ಹಂಗಾಮು ಚೆನ್ನಾಗಿ ಆದದ್ದರಿಂದ ಬೇಸಿಗೆ ರಜೆಯಲ್ಲೇ ಮೇಲೆ ಒಂದು ಕೋಣೆ ಏರಿಸುತ್ತಿದ್ದಾರೆಂದು ಕೇಳಿದೆ. ಸಂತೋಷವಾಯಿತು. ನನ್ನ ವಿದ್ಯೆ ಒಂದು ಊರಿಗೆ ಉಪಯೋಗಕ್ಕೆ ಬಂತು.

ಅಪ್ಪನಿಗೆ ಕೆಮ್ಮು ಹೆಚ್ಚಾಗಿದೆ. ಬಳ್ಳಾರಿಗೆ ಕರೆದುಕೊಂಡು ಹೋಗಬೇಕು. ಕೆಲವು ವಾರ ಹಾಸ್ಟೆಲ್ಲಿನಲ್ಲಿ ಇರುವುದಿಲ್ಲ.

ನಿಮ್ಮ ಮಗನಂಥ
ಓಬಳೇಶ


ಹಳೇಮಾಗಾಣಿ
4-6-1987

ಓಬಳೇಶ,

ನಿನ್ನ ಕಾಗದ ಇವತ್ತು ಬಂತು. ಓದಿದ ಕೂಡಲೇ ಬರೆಯಲು ಕೂತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಸುಧಾರಿಸಿಕೊಂಡು ಓದು.

ನೀನು ಅಂಟಿಸಿದ ಗಾಜು ಹೋದ ವರ್ಷ ಜುಲೈಯಲ್ಲೇ ಒಡೆಯಿತು. ಕಾಲುವೆಗೆ ನೀರು ಬಿಟ್ಟ ವಾರವೇ. ಯಾವನೋ ಹುಡುಗ ಕಲ್ಲು ಹೊಡೆದಿರಬೇಕೆಂದು ನಮ್ಮವರು ತಿಳಿದರು. ಕಂಪ್ಲಿಯ ಪಟದಂಗಡಿಯಲ್ಲಿ ಅದೇ ಅಳತೆಯ ಗಾಜು ಕತ್ತರಿಸಿ ತಂದು ಅಂಟಿಸಿದರು. ಅಕ್ಷರ ಬಾರದ ಮನುಷ್ಯ, ನಿನ್ನ ನಂಬರು ತಾರೀಖನ್ನು ರಂಗೋಲಿ ನೋಡಿ ತಿದ್ದುವಂತೆ ನೋಡಿ ಕೆಂಪು ಬಣ್ಣದಲ್ಲಿ ಬರೆದರು. ಹೊಸ ಗಾರೆ ಬೆಳ್ಳಗೆ ಕಾಣಬಾರದೆಂದು ಚಹಾದ ಕಷಾಯ ಸವರಿದರು. ಆಗಸ್ಟಿನಲ್ಲಿ ನಿನ್ನ ಕಾಗದ ಬಂದ ಮೇಲೆ ಅವರಿಗೆ ಅದು ಬರೀ ಗಾಜಾಗಿ ಉಳಿಯಲಿಲ್ಲ. ಅದು ನೆಟ್ಟಗಿದ್ದರೆ ಗೋಡೆ ನಿಲ್ಲುತ್ತದೆ, ಮಕ್ಕಳು ಬದುಕುತ್ತಾರೆ. ಒಡೆದ ದಿನವೇ ಹೊಸದು ಹಾಕುತ್ತಾ ಬಂದರು. ನೀನು ಡಿಸೆಂಬರಿನಲ್ಲಿ ಬಂದು ತಬ್ಬಿಕೊಂಡೆಯಲ್ಲ, ಆಗ ಗೋಡೆಯ ಮೇಲಿದ್ದದ್ದು ಐದನೆಯದು. ಈಗ ಇರುವುದು ಒಂಬತ್ತನೆಯದು. ಮೇಲಿನ ಕೋಣೆ ಏರಿಸುವಾಗ ಎರಡು ಹೋದವು.

ನನಗೆ ಮೊದಲಿಂದ ಗೊತ್ತಿತ್ತು. ‘ಹುಡುಗನ ಓದು ಕೆಡಬಾರದು, ಸುಮ್ನಿರು’ ಎಂದರು, ಸುಮ್ಮನಿದ್ದೆ. ಕಾರ್ಡಿನ ಮೇಲೆ ‘ಇದೆ’ ಎಂದು ಬರೆದದ್ದು ನನ್ನ ಈ ಕೈ.

ನಿನ್ನ ಮೇಲೂ ಸಿಟ್ಟು ಬರುತ್ತಿದೆ. ಒಡೆದರೆ ಮಕ್ಕಳನ್ನು ಎಬ್ಬಿಸಿ ಎಂಬ ಒಂದು ಮಾತನ್ನು ಆವತ್ತೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಗಾಬರಿಯಾಗುತ್ತಾರಂತೆ. ಗಾಬರಿ ಆಗಬೇಕಾದ ಕಡೆ ಆಗಬೇಕಪ್ಪ.

ನಮ್ಮವರಿಗೆ ನಿನ್ನ ಕಾಗದ ಪೂರ್ತಿ ಓದಿ ಹೇಳಿಲ್ಲ. ನಿನ್ನ ಪುಸ್ತಕದಲ್ಲಿ ಅವರ ಹೆಸರಿದೆ ಎಂಬುದನ್ನಷ್ಟೇ ಓದಿದೆ, ಕಣ್ಣು ಒರೆಸಿಕೊಂಡರು. ಎರಡು ತಿಂಗಳಿಗೆ ನಿವೃತ್ತಿ. ತಮ್ಮ ಕೈಯಾರೆ ಮಕ್ಕಳ ನೆತ್ತಿಯ ಮೇಲೆ ಕಲ್ಲು ಇಟ್ಟೆನೆಂದು ತಿಳಿದರೆ ಅವರ ಜೀವ ನಿಲ್ಲುವುದಿಲ್ಲ. ನೀನು ಬಾ. ಬಂದು ಹೆಡ್‌ಮೇಷ್ಟ್ರಿಗೆ ಹೇಳಿ ಗೋಡೆ ಕೆಡವಿಸು. ನಮ್ಮವರಿಗೆ ಬೇರೆ ಏನಾದರೂ ಕಾರಣ ಹೇಳೋಣ. ಜುಲೈಯಲ್ಲಿ ಮತ್ತೆ ಕಾಲುವೆಗೆ ನೀರು ಬಿಡುತ್ತಾರೆ. ಜಲ್ದಿ ಬಾ.

ಕೊಟ್ರಬಸಮ್ಮ


ಹಳೇಮಾಗಾಣಿ
25-6-1987

ಓಬಳೇಶ,

ಮೂರು ವಾರವಾಯಿತು. ನಿನ್ನ ಉತ್ತರವಿಲ್ಲ. ಸಂಡೂರಿನ ಮನೆಯ ವಿಳಾಸ ನನ್ನ ಹತ್ತಿರ ಇಲ್ಲ. ಕಾಗದ ಹಾಸ್ಟೆಲ್ಲಿನ ಬಾಗಿಲಿನ ಸಂದಿಯಲ್ಲಿ ಬಿದ್ದಿದೆಯೋ, ಓದಿಯೂ ಸುಮ್ಮನಿದ್ದೀಯೋ, ಆ ದುರ್ಗಮ್ಮನೇ ಬಲ್ಲಳು.

ಹೆಡ್‌ಮೇಷ್ಟ್ರು ಜಂಬಪ್ಪನವರ ಹತ್ತಿರ ನಾನೇ ಹೋದೆ. ಗಾಜು ಬದಲಿಸಿದ್ದನ್ನೂ ಹೇಳಿದೆ, ನಮ್ಮವರಿಗೆ ತಿಳಿಸಬೇಡಿ ಎಂದು ಕೈಮುಗಿದೆ. ಅವರು ಬೀರು ತೆಗೆದು ನಿನ್ನ ವರದಿ ತೋರಿಸಿದರು. ಕೆಳಗೆ ನಿನ್ನ ಸಹಿ, ಅದರ ಮೇಲೆ ನೀಲಿ ಮೊಹರು. ‘ದೊಡ್ಡ ದೊಡ್ಡ ಓದಿದೋರು ಬರದಾರವ್ವಾ, ಗಟ್ಟಿ ಐತಿ ಅಂತ. ಉಜ್ಜಿನಪ್ಪ ಒಂದು ಗಾಜು ಬದಲಿ ಮಾಡಿದ್ರ ಗೋಡಿ ಬೀಳುತ್ತೇನು? ಮೇಲಿನ ಕೋಣಿ ಉದ್ಘಾಟನಿ ಐತಿ, ಅಪಶಕುನ ನುಡಿಬ್ಯಾಡ’ ಎಂದರು. ಹುಸೇನಪ್ಪನನ್ನು ಕರೆದುಕೊಂಡು ಹೋದೆ. ‘ನೀರಿಂದು ನಾ ಹೇಳಬಲ್ಲೆ, ಗೋಡಿ ನನ್ನ ವಿಷಯ ಅಲ್ರಿ’ ಎಂದ. ದಮಯಂತಿ ಮೈಸೂರಿಗೆ ಹೋಗಿದ್ದಾಳೆ. ದುರ್ಗಕ್ಕನ ಹಾಡು ಟೇಪಿನಲ್ಲಿದೆ.

ನಾನೊಂದು ಪಾಪದ ಕೆಲಸ ಮಾಡಿದೆ. ಸಿದ್ದಿಯ ಮೈಮೇಲಿನ ಸೊಳ್ಳೆ ಕಡಿತವನ್ನೇ ಸಿಡುಬಿನ ಗುಳ್ಳೆಯೆಂದು ತೋರಿಸಿ, ‘ಅಮ್ಮ ಬಂದಾಳ, ಇನ್ನೂ ನಾಕು ಹುಡುಗರ ಮೈ ಬಿಸಿ ಐತಿ’ ಎಂದು ಓಣಿಯಲ್ಲೆಲ್ಲ ಹೇಳಿದೆ. ಬೆಳಿಗ್ಗೆ ಎದ್ದು ಶಾಲೆಯ ದೊಡ್ಡ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಬಂದೆ. ನೀಲಿ ಮೊಹರಿಗೆ ಎದುರು ಹೇಳುವವರು ಈ ಊರಿನಲ್ಲಿ ಇಲ್ಲ, ಆದರೆ ಬೇವಿನ ಸೊಪ್ಪು ಕಿತ್ತುಹಾಕುವವರೂ ಇಲ್ಲ. ಜಂಬಪ್ಪನವರೇ ಮೊದಲು ಚಪ್ಪಲಿ ಬಿಟ್ಟು ಕೈಮುಗಿದರು. ಈಗ ಕ್ಲಾಸು ದುರ್ಗಮ್ಮನ ಗುಡಿಯ ಕಟ್ಟೆಯ ಮೇಲೆ. ಅಮ್ಮ ಬಂದ ಮನೆಯ ನಿಯಮದಂತೆ ಮೂರು ವಾರ ಸಿಕ್ಕಿದೆ. ಸಿದ್ದಿ ಕಂಬಳಿಯಲ್ಲಿ ಮಲಗಿ ನನ್ನನ್ನು ನೋಡಿ ನಗುತ್ತಾಳೆ. ನಮ್ಮವರು ಮಾತ್ರ ನಿಜವೆಂದೇ ನಂಬಿ, ಗುಡಿಗೆ ಹೋಗಿ ಮೊಸರನ್ನದ ಎಡೆ ಕೊಟ್ಟು ಬಂದರು.

ದೇವಿಯ ಹೆಸರಿನಲ್ಲಿ ಸುಳ್ಳು ಹೇಳಿದ್ದೇನೆ. ಅವಳು ಇದಕ್ಕೆ ಏನು ಕೇಳುತ್ತಾಳೋ. ಮೂರು ವಾರದೊಳಗೆ ನೀನು ಬಾ.

ಕೊಟ್ರಬಸಮ್ಮ


ತಂತಿ
ಹುಬ್ಬಳ್ಳಿ, 6-7-1987

ಮಕ್ಕಳನ್ನು ಕೋಣೆಯಿಂದ ಹೊರಗೆ ಕೂರಿಸಿ. ನಾಳೆ ಸಂಜೆ ಬರುತ್ತೇನೆ. ಓಬಳೇಶ.


ಹಳೇಮಾಗಾಣಿ
22-7-1987

ಓಬಳೇಶನಿಗೆ,

ನಿನ್ನೆಗೆ ಹದಿನೈದು ದಿನವಾಯಿತು. ಈಗ ಬರೆಯಲು ಶಕ್ತಿ ಬಂದಿದೆ.

ನಿನ್ನ ತಂತಿ ಏಳನೇ ತಾರೀಖು ಬೆಳಿಗ್ಗೆ ಬಂತು. ಪೋಸ್ಟಿನವನು ಶಾಲೆಯ ಕಟ್ಟೆಯ ಮೇಲೆಯೇ ನಮ್ಮವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದ. ಕಾಲುವೆಗೆ ನೀರು ಬಿಟ್ಟು ಎರಡು ದಿನವಾಗಿತ್ತು. ನಾನು ರೊಟ್ಟಿ ತಟ್ಟುತ್ತಿದ್ದೆ. ಅವರು ಓಡುತ್ತಲೇ ಬಂದರು, ಮುಖದ ತುಂಬ ನಗು. ‘ಓಬಳೇಶ ನಾಳಿ ಬರಾಕಹತ್ಯಾನ ಅಂತ ನಿನ್ನೆ ತಂತಿ ಕೊಟ್ಟಾನ, ಅಂದ್ರ ಇವತ್ತ ಸಂಜಿಗೆ ಬರ್ತಾನ. ಹುಡುಗರನ್ನ ಹೊರಗ ಕುಂದ್ರಿಸು ಅಂದಾನ. ಇನ್ಸ್‌ಪೆಕ್ಷನ್ ಇರಬೇಕು’ ಎಂದರು. ಮೂವತ್ತೊಂದು ವರ್ಷ ಅವರು ಕಂಡದ್ದು ಅದನ್ನೇ: ಸಾಹೇಬರು ಬರುವ ದಿನ ಮಕ್ಕಳನ್ನು ಹೊರಗೆ ಕೂರಿಸುವುದು, ಕೋಣೆ ಗುಡಿಸುವುದು, ಒಡೆದದ್ದನ್ನು ಸರಿ ಮಾಡುವುದು. ನೀನು ಬರುತ್ತೀಯೆಂದು ಕೇಳಿ ನನಗೂ ಹೋದ ಜೀವ ಬಂದಂತಾಯಿತು. ‘ಉಂಡು ಹೋಗ್ರಿ’ ಎಂದೆ. ‘ಬಂದು ಉಂಡೇನು’ ಎಂದರು. ಗೋಡೆಯ ಗೂಡಿನಿಂದ ಏನೋ ತೆಗೆದುಕೊಂಡರು. ನಾನು ತಲೆಯೆತ್ತಿ ನೋಡಲಿಲ್ಲ.

ಒಂಬತ್ತನೆಯದು ಹಿಂದಿನ ದಿನವೇ ಒಡೆದಿತ್ತಂತೆ. ನನಗೆ ಹೇಳಿರಲಿಲ್ಲ.

ಸದ್ದು ಕೇಳಿದಾಗ ಕ್ವಾರಿಯಲ್ಲಿ ಮದ್ದು ಹಾರಿಸಿದರೆಂದು ತಿಳಿದೆ. ಗೋಡೆ ಒಳಗೆ ಬಿತ್ತು, ಅದರ ಹಿಂದೆ ಮೇಲಿನ ಕೋಣೆ ಬಿತ್ತು. ಮೂವತ್ತೆಂಟು ಮಕ್ಕಳು ಗುಡಿಯ ಕಟ್ಟೆಯ ಮೇಲೆ ಮಗ್ಗಿ ಹೇಳುತ್ತಿದ್ದರು. ಒಬ್ಬರಿಗೂ ಚೂರು ಗಾಯವಾಗಲಿಲ್ಲ. ಊರವರೆಲ್ಲ ಅಮ್ಮನ ಪವಾಡ ಎನ್ನುತ್ತಿದ್ದಾರೆ, ಗುಡಿಗೆ ಬೆಳ್ಳಿಯ ಕಣ್ಣು ಮಾಡಿಸುತ್ತಾರಂತೆ. ಬೇವಿನ ಸೊಪ್ಪಿನ ಕೆಳಗೆ ನಮ್ಮವರ ಚಪ್ಪಲಿ ಜೋಡಿಸಿಟ್ಟ ಹಾಗೆಯೇ ಇತ್ತು. ಅಮ್ಮನಿದ್ದ ಕೋಣೆಗೆ ಮೆಟ್ಟಿಕೊಂಡು ಹೋಗಬಾರದೆಂದು ಬಿಟ್ಟಿದ್ದರು.

ನೀನು ನನಗೆ ಹೇಳಲಿಲ್ಲ, ನಾನು ಅವರಿಗೆ ಹೇಳಲಿಲ್ಲ. ಇಬ್ಬರೂ ಅವರ ಒಳ್ಳೆಯದಕ್ಕೆಂದೇ ಬಾಯಿ ಮುಚ್ಚಿಕೊಂಡೆವು. ನಿನ್ನನ್ನು ಬೈದು ಹಗುರಾಗೋಣವೆಂದರೆ ಬೈಗುಳ ತಿರುಗಿ ನನ್ನ ಬಾಯಿಗೇ ಬರುತ್ತದೆ.

ಆ ಸಂಜೆ ಹುಸೇನಪ್ಪ ನಿನ್ನನ್ನು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಡನಂತೆ. ಕಂಪ್ಲಿ ಬಸ್ಸಿನ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದೆಯಂತೆ. ಇಳಿದವರು ಯಾರೋ ಸುದ್ದಿ ಹೇಳಿದರಂತೆ. ಬಸ್ಸು ಹೊರಟಿತು, ನೀನು ಹತ್ತಲಿಲ್ಲ ಎಂದ. ಆದರೆ ದಿನಾ ಸಂಜೆ ಬಸ್ಸಿನ ಸದ್ದಿಗೆ ಬಾಗಿಲಿಗೆ ಬಂದು ನಿಲ್ಲುತ್ತೇನೆ, ಅದು ನಿನಗೆ ಗೊತ್ತಿರಲಿ.

ಟ್ರಂಕು ತೆಗೆದೆ. ಒಡೆದ ಗಾಜುಗಳು ಅಲ್ಲಿವೆ. ಎಂಟನ್ನು ಎಂಟು ಬೇರೆ ಬೇರೆ ಪೇಪರಿನಲ್ಲಿ ಸುತ್ತಿಟ್ಟಿದ್ದಾರೆ. ಶಾಲೆಗೆ ಬರುವ ದಿನಪತ್ರಿಕೆ, ಗಾಜು ಒಡೆದ ದಿನದ್ದೇ. ಓದಲು ಬಾರದ ಮನುಷ್ಯ, ಆದರೆ ಪ್ರತಿ ಪೊಟ್ಟಣದ ಮೇಲೂ ತಾರೀಖು ಅಚ್ಚಾಗಿದೆ. ಒಂಬತ್ತನೆಯದು ಅವರ ಅಂಗಿಯ ಜೇಬಿನಲ್ಲಿತ್ತು, ಹಾಗೆಯೇ ಸುತ್ತಿ, ಜುಲೈ ಆರರ ಪೇಪರಿನಲ್ಲಿ. ಗೋಡೆ ಯಾವಾಗ ಯಾವಾಗ ನಡೆಯಿತು ಎಂದು ನೀನು ವರ್ಷವಿಡೀ ಹುಡುಕಿದ್ದು ಇದನ್ನೇ ಅಲ್ಲವೇ? ಇದು ಅಂಚೆಯಲ್ಲಿ ಕಳಿಸುವ ವಸ್ತುವಲ್ಲ. ನೀನೇ ಬರಬೇಕು. ಬಂದು ಸಿದ್ದಿಯ ಕ್ಲಾಸಿನ ಮಕ್ಕಳ ಮುಂದೆ ನಿಂತು, ಗಾಜು ಯಾಕೆ ಅಂಟಿಸುತ್ತಾರೆ, ಒಡೆದರೆ ಏನು ಮಾಡಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ನಿನ್ನ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡು ಸರಿಯಾಗಿ ಬರೆಯುತ್ತೀಯೋ ಬಿಡುತ್ತೀಯೋ, ಅದು ನಿನ್ನ ಮನಸ್ಸಿಗೆ ಬಿಟ್ಟದ್ದು.

ಹತ್ತನೆಯದನ್ನು ಮಾತ್ರ ಕೊಡುವುದಿಲ್ಲ. ಕಲ್ಲು ಸರಿಸಿ ಅವರನ್ನು ತೆಗೆದಾಗ ಅದು ಅವರ ಕೈಯಲ್ಲಿತ್ತು. ಒಡೆದಿರಲಿಲ್ಲ.

ಇಂತಿ,
ಕೊಟ್ರಬಸಮ್ಮ